ಸತ್ತವರ ಲೆಕ್ಕ ಕೊಡಿ

ಪ್ರತಿ ವರ್ಷ ಸೆಪ್ಟೆಂಬರ್ 17ಕ್ಕೆ ಕಲಬುರಗಿಯಲ್ಲಿ ಧ್ವಜ ಏರುತ್ತದೆ, ಸರ್ದಾರ್ ಪಟೇಲರ ಪ್ರತಿಮೆಗೆ ಮಾಲೆ ಬೀಳುತ್ತದೆ, 371(ಜೆ) ಕಲಮಿನ ಹೆಸರಿನಲ್ಲಿ ಬಂದ ಅನುದಾನದ ಅಂಕಿಗಳನ್ನು ವೇದಿಕೆಯಿಂದ ಓದುತ್ತಾರೆ. ಹೈದರಾಬಾದ್ ನಿಜಾಮನ ಆಳಿಕೆ ಮುಗಿದ ಈ ದಿನವನ್ನು ಮೊದಲು ವಿಮೋಚನಾ ದಿನ ಎನ್ನುತ್ತಿದ್ದರು, 2019ರಿಂದ ಕಲ್ಯಾಣ ಕರ್ನಾಟಕ ಉತ್ಸವ ಎನ್ನುತ್ತಾರೆ. ಹೆಸರು ಬದಲಾಯಿತು, ಭಾಷಣ ಬದಲಾಗಲಿಲ್ಲ. 1948ರಲ್ಲಿ ಆ ನೆಲದಲ್ಲಿ ಸತ್ತವರೆಷ್ಟು, ಯಾರ ಕೈಯಲ್ಲಿ ಸತ್ತರು ಎಂಬ ಲೆಕ್ಕಕ್ಕೆ ಆ ಭಾಷಣದಲ್ಲಿ ಜಾಗವಿಲ್ಲ. ಲೆಕ್ಕ ಇಲ್ಲದ್ದಕ್ಕೆ ಹೀಗಾಗಿದೆ ಎಂದು ಯಾರೂ ತಿಳಿಯಬಾರದು. ಭಾರತ ಸರ್ಕಾರ ತಾನೇ ಆ ಲೆಕ್ಕ ತೆಗೆಸಿತು, ತೆಗೆಸಿ ಮುಚ್ಚಿಟ್ಟಿತು. ಇದು ಅಪರಾಧ ಎಂಬುದು ನಮ್ಮ ತೀರ್ಮಾನ.

ಕಲಘಟಗಿ ತಾಲೂಕಿನ ದುಮ್ಮವಾಡದಲ್ಲಿ ಕುಳಿತವರಿಗೆ ಕಲಬುರಗಿ, ಬೀದರಿನ ಹಕೀಕತ್ತು ಯಾಕೆ ಎಂದು ಕೇಳುವವರಿಗೆ ಒಂದು ಮಾತು. ಮಲೆನಾಡ ಸೆರಗಿನ ಈ ಊರಿನಿಂದ ನಿಜಾಮನ ಗಡಿ ನೂರು ಕಿಲೋಮೀಟರಿಗೂ ದೂರವಿತ್ತು, ಖರೆ. ಆದರೆ ಆಗ ಧಾರವಾಡ ಜಿಲ್ಲೆ ಅಂದರೆ ಮುಂಡರಗಿ, ಗಜೇಂದ್ರಗಡಗಳೂ ಅದರೊಳಗೇ. ಅದರಾಚೆ ನಿಜಾಮನ ಕೊಪ್ಪಳ, ಯಲಬುರ್ಗಿ. ನಮ್ಮ ಹಿರಿಯರ ಬಾಯಲ್ಲಿ ಅದು ಮೊಗಲಾಯಿ. ಅಳವಂಡಿ ಶಿವಮೂರ್ತಿಸ್ವಾಮಿಗಳು ಮುಂಡರಗಿಯಲ್ಲಿ, ಪುಂಡಲೀಕಪ್ಪ ಜ್ಞಾನಮೋಠೆಯವರು ಗಜೇಂದ್ರಗಡದಲ್ಲಿ ಶಿಬಿರ ಹೂಡಿ, ನಿಜಾಮನ ನಾಕಾ ಠಾಣೆಗಳ ಮೇಲೆ ತರುಣರನ್ನು ನುಗ್ಗಿಸಿದ್ದು ನಮ್ಮ ಜಿಲ್ಲೆಯ ನೆಲದಿಂದಲೇ. ಮನೆಮಾರು ಬಿಟ್ಟು ಗಡಿ ದಾಟಿ ಬಂದ ಕುಟುಂಬಗಳಿಗೆ ಆಸರೆ ಕೊಟ್ಟದ್ದೂ ಈ ಜಿಲ್ಲೆಯೇ. 1997ರಲ್ಲಿ ಗದಗ ಬೇರೆ ಜಿಲ್ಲೆಯಾಯಿತೆಂದು ಆ ಹೊಣೆ ನಮ್ಮ ಹೆಗಲಿನಿಂದ ಇಳಿಯುವುದಿಲ್ಲ.

ಮೊದಲ ಅಪರಾಧಿ ಯಾರೆಂಬುದರಲ್ಲಿ ನಮಗೆ ಅನುಮಾನವಿಲ್ಲ. ಏಳನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ 1947ರ ಜೂನ್‌ನಲ್ಲಿ, ಬ್ರಿಟಿಷರು ಹೋದ ಮೇಲೆ ತಾನು ಸ್ವತಂತ್ರ ರಾಜ ಎಂದು ಸಾರಿದ. ಪ್ರಜೆಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಿಂದೂಗಳು; ಆಡುವ ಮಾತು ತೆಲುಗು, ಮರಾಠಿ, ಕನ್ನಡ; ಅಧಿಕಾರ, ಜಾಗೀರು, ಪೊಲೀಸು ಎಲ್ಲ ಒಂದು ಸಣ್ಣ ವರ್ಗದ ಮುಷ್ಟಿಯಲ್ಲಿ. ಇಡೀ ದೇಶ ಧ್ವಜ ಹಾರಿಸಿದ ಆಗಸ್ಟ್ 15ರಂದು ಹೈದರಾಬಾದಿನಲ್ಲಿ ಹೋರಾಟದ ಮುಂದಾಳು ಸ್ವಾಮಿ ರಮಾನಂದ ತೀರ್ಥರ ಬಂಧನವಾಯಿತು. ನವೆಂಬರ್‌ನಲ್ಲಿ ದೆಹಲಿಯ ಜೊತೆ ಯಥಾಸ್ಥಿತಿ ಒಪ್ಪಂದ ಮಾಡಿಕೊಂಡ ಕೈಯಿಂದಲೇ ನಿಜಾಮ ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರೆಂಬ ಖಾಸಗಿ ಪಡೆಗೆ ಲಗಾಮು ಬಿಟ್ಟ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣ ಸೀಮೆಯ ಗೋರಟಾ ಹಳ್ಳಿಯ ಮೇಲೆ ಅವರು ಬಿದ್ದರು. ಇನ್ನೂರರಷ್ಟು ಜನರನ್ನು ಕಡಿದು ಹಾಕಿದರೆಂದು ಆ ಸೀಮೆಯವರು ಹೇಳುತ್ತ ಬಂದಿದ್ದಾರೆ. ಆಗಸ್ಟ್‌ನಲ್ಲಿ, ಭಾರತಕ್ಕೆ ಸೇರುವುದೇ ಸರಿ ಎಂದು ಬರೆದದ್ದಕ್ಕೆ ‘ಇಮ್ರೋಜ್’ ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು ಹೈದರಾಬಾದಿನ ಬೀದಿಯಲ್ಲೇ ಕೊಂದರು. ಆತನೂ ಮುಸ್ಲಿಮನೇ. ರಜ್ವಿ ಇಸ್ಲಾಮಿನ ಹೆಸರು ಹೇಳುತ್ತಿದ್ದ, ಅವನ ಕತ್ತಿ ಕಾಯುತ್ತಿದ್ದುದು ಮಾತ್ರ ಒಬ್ಬ ಅರಸನ ಗಾದಿಯನ್ನು.

ಇದಕ್ಕೆ ಸಾಕ್ಷಿ ಬೇಕಾದವರು ದೂರ ಹೋಗಬೇಕಿಲ್ಲ. ನಮ್ಮ ಮಗ್ಗುಲಲ್ಲೇ ಸವಣೂರು ಇತ್ತು, ಅಲ್ಲಿಯೂ ನವಾಬರ ಆಳಿಕೆ. ಅದೇ 1948ರ ಮಾರ್ಚ್‌ನಲ್ಲಿ ಆ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ಸೇರಿಹೋಯಿತು. ಹೆಣ ಬೀಳಲಿಲ್ಲ, ಹಳ್ಳಿ ಸುಡಲಿಲ್ಲ. ನಿಜಾಮನಿಗೂ ಆ ದಾರಿ ತೆರೆದೇ ಇತ್ತು. ಅವನು ಅದನ್ನು ತುಳಿಯಲಿಲ್ಲ, ಆ ಹಟದ ಬೆಲೆಯನ್ನು ತೆತ್ತವನು ಅವನಲ್ಲ. ಸ್ವತಂತ್ರ ಭಾರತ ಅವನನ್ನು 1950ರಲ್ಲಿ ಅದೇ ರಾಜ್ಯದ ರಾಜಪ್ರಮುಖನನ್ನಾಗಿ ಮಾಡಿತು, 1956ರವರೆಗೂ ಆ ಪದವಿಯಲ್ಲಿಟ್ಟಿತು. ರಜ್ವಿ ಜೈಲು ಕಂಡು, 1957ರಲ್ಲಿ ಬಿಡುಗಡೆಯಾಗಿ ಪಾಕಿಸ್ತಾನ ಸೇರಿಕೊಂಡ. ಗೋರಟಾದ ವಿಧವೆಯರಿಗೆ ಇದಕ್ಕಿಂತ ದೊಡ್ಡ ಅವಮಾನ ಇನ್ನೇನಿದ್ದೀತು?

1948ರ ಸೆಪ್ಟೆಂಬರ್ 13ರಂದು ‘ಪೊಲೀಸ್ ಆಕ್ಷನ್’ ಎಂಬ ಹೆಸರಿನಲ್ಲಿ ಭಾರತದ ಸೇನೆ ಸೋಲಾಪುರದ ಕಡೆಯಿಂದ ಒಳನುಗ್ಗಿತು. 17ರ ಸಂಜೆಗೆ ನಿಜಾಮ ಶರಣಾದ. ಜನರಲ್ ಚೌಧುರಿ ಆಡಳಿತ ವಹಿಸಿಕೊಂಡರು. ನಮ್ಮ ಶಾಲೆಯ ಪುಸ್ತಕ ಇಲ್ಲಿಗೆ ಮುಗಿಯುತ್ತದೆ. ಹಳ್ಳಿಗಳಲ್ಲಿ ಕೊಲೆ ಮುಗಿಯಲಿಲ್ಲ. ರಜಾಕಾರರು ಓಡಿಹೋಗಿದ್ದರು, ಸಿಕ್ಕಿಬಿದ್ದಿದ್ದರು, ಇಲ್ಲವೇ ಸತ್ತಿದ್ದರು. ಸೇಡಿಗೆ ಸಿಕ್ಕವರು ಊರಲ್ಲೇ ಉಳಿದಿದ್ದ ಮುಸ್ಲಿಮರು: ನೇಕಾರರು, ಕೂಲಿಗಳು, ಗೇಣಿದಾರರು, ರಜ್ವಿಯ ಮುಖವನ್ನೇ ಕಾಣದವರು. ಗಂಡಸರನ್ನು ಕೊಂದರು, ಹೆಂಗಸರನ್ನು ಹೊತ್ತೊಯ್ದರು, ಮನೆ ಹೊಲ ಕಸಿದರು.

ದೆಹಲಿಗೆ ಸುದ್ದಿ ಮುಟ್ಟಿತು. ನೆಹರೂ ಸರ್ಕಾರ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ತಂಡವನ್ನು ಕಳಿಸಿತು. ನವೆಂಬರ್ ಕೊನೆಗೆ ಹೊರಟ ತಂಡ ಡಿಸೆಂಬರ್‌ನಲ್ಲಿ ಹೈದರಾಬಾದ್ ರಾಜ್ಯದ 16 ಜಿಲ್ಲೆಗಳಲ್ಲಿ 9ನ್ನು ಸುತ್ತಿತು. ತೀರ ಕಡಿಮೆ ಹಿಡಿದರೂ 27 ಸಾವಿರದಿಂದ 40 ಸಾವಿರ ಜನ ಪೊಲೀಸ್ ಆಕ್ಷನ್ನಿನ ಹೊತ್ತಿನಲ್ಲಿ ಮತ್ತು ಅದರ ನಂತರ ಸತ್ತಿದ್ದಾರೆ ಎಂದು ತಂಡ ಬರೆದುಕೊಟ್ಟಿತು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದ ನಾಲ್ಕು ಜಿಲ್ಲೆಗಳೆಂದು ಅದು ಹೆಸರಿಸಿದ್ದು ಉಸ್ಮಾನಾಬಾದ್, ನಾಂದೇಡ್, ಗುಲ್ಬರ್ಗಾ (ಇಂದಿನ ಕಲಬುರಗಿ), ಬೀದರ್. ಕೊನೆಯ ಎರಡು ಇಂದು ಕರ್ನಾಟಕದವು. ಕೆಲವು ಕಡೆ ಸೈನಿಕರು, ಪೊಲೀಸರು ಲೂಟಿಗೆ ಕುಮ್ಮಕ್ಕು ಕೊಟ್ಟರು, ತಾವೂ ಕೈ ಹಾಕಿದರು ಎಂದೂ ವರದಿಯಲ್ಲಿದೆ. ರಜಾಕಾರರ ಕ್ರೌರ್ಯವನ್ನೂ ಅದು ಮರೆಮಾಡಿಲ್ಲ.

ಅದೇ ವರದಿಯಲ್ಲಿ ಓದಿದವರ ಮನಸ್ಸು ಹಿಡಿದು ನಿಲ್ಲಿಸುವ ಇನ್ನೊಂದು ಸಂಗತಿಯಿದೆ. ಹಲವು ಊರುಗಳಲ್ಲಿ ಹಿಂದೂ ನೇಕಾರರು ಮುಸ್ಲಿಂ ನೇಕಾರರಿಗೆ ಅಡ್ಡ ನಿಂತರು, ಕೊಲ್ಲಲು ಬಂದ ತಮ್ಮವರನ್ನೇ ತಡೆದರು, ಕೆಲವರು ಅದಕ್ಕಾಗಿ ಪ್ರಾಣ ಕೊಟ್ಟರು. ಹೊತ್ತೊಯ್ದ ಹೆಣ್ಣುಮಕ್ಕಳನ್ನು ಹುಡುಕಿ ಮನೆ ಸೇರಿಸಲು ಎಷ್ಟೋ ಹಿಂದೂಗಳು ಕೈಜೋಡಿಸಿದರು. ಒಂದೇ ಕಸುಬು ಮಾಡಿ ಉಂಡವರ ನಡುವಿನ ಋಣ ಅದು. ವರದಿಯನ್ನು ಮುಚ್ಚಿಟ್ಟವರು ಕೊಂದವರ ಪಾಪವನ್ನಷ್ಟೇ ಮುಚ್ಚಲಿಲ್ಲ, ಈ ನೇಕಾರರ ದೊಡ್ಡಸ್ತಿಕೆಯನ್ನೂ ಮಣ್ಣು ಮಾಡಿದರು. ಅವರಲ್ಲಿ ಒಬ್ಬರ ಹೆಸರಾದರೂ ಕನ್ನಡದ ಮಕ್ಕಳಿಗೆ ಗೊತ್ತಿದೆಯೇ?

ಗೃಹ ಸಚಿವ ಪಟೇಲರಿಗೆ ವರದಿ ಹಿಡಿಸಲಿಲ್ಲ. ಸರ್ಕಾರ ಅದನ್ನು ಹೊರಗೆ ಬಿಡಲಿಲ್ಲ. ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರ ಕೈಗೆ ಸಿಗುವಷ್ಟರಲ್ಲಿ 2013 ಬಂದಿತ್ತು. ಕಾಂಗ್ರೆಸ್ಸು ಬಂತು, ಜನತಾ ಪಕ್ಷ ಬಂತು, ಬಿಜೆಪಿ ಬಂತು. ಈ ಗುಟ್ಟನ್ನು ಕಾಯುವುದರಲ್ಲಿ ಪಕ್ಷಭೇದ ಕಾಣಲಿಲ್ಲ. ಹೊಸದಾಗಿ ಹುಟ್ಟಿದ ದೇಶ, ಕಾಶ್ಮೀರದಲ್ಲಿ ಯುದ್ಧ, ಪಂಜಾಬಿನ ಗಾಯ ಹಸಿ ಇರುವಾಗ ಬೆಂಕಿಗೆ ತುಪ್ಪ ಸುರಿಯಬಾರದಿತ್ತು ಎಂದು ಹೇಳುವವರಿದ್ದಾರೆ. 1949ಕ್ಕೆ ಆ ಮಾತು ಒಪ್ಪೋಣ. 1969ಕ್ಕೆ ಒಪ್ಪಲಾದೀತೆ? 1989ಕ್ಕೆ?

ಅಂಕಿ ಹೆಚ್ಚಾಯಿತು ಎಂಬ ತಕರಾರೂ ಇದೆ. ಇರಲಿ. ಹಾಗಿದ್ದರೆ ಸರ್ಕಾರ ಊರೂರು ತಿರುಗಿ ತನ್ನ ಅಂಕಿ ಕೊಡಬೇಕಿತ್ತು. ರಜಾಕಾರರು ಮೊದಲು ಮಾಡಿದರು, ಅದಕ್ಕೆ ಪ್ರತಿಯಾಗಿ ಆಯಿತು ಎಂಬ ವಾದವನ್ನಂತೂ ನಾವು ಸಾರಾಸಗಟಾಗಿ ತಳ್ಳಿಹಾಕುತ್ತೇವೆ. ಗೋರಟಾದಲ್ಲಿ ಕೊಂದವನ ಪಾಪಕ್ಕೆ ಬೇರೆ ಊರಿನ ಮಗ್ಗದ ಮುಂದೆ ಕುಳಿತವನು ಹೊಣೆಯಲ್ಲ. ಈ ನಿಯಮವನ್ನು ಒಪ್ಪದವನಿಗೆ ರಜ್ವಿಯನ್ನು ಬೈಯುವ ಅಧಿಕಾರವೂ ಇಲ್ಲ, ಏಕೆಂದರೆ ಹುಟ್ಟಿದ ಜಾತಿ ನೋಡಿ ಕೊಲ್ಲುವುದೇ ರಜ್ವಿಯ ನಿಯಮವಾಗಿತ್ತು.

ನಮ್ಮ ಜಿಲ್ಲೆಯ ಅಣ್ಣಿಗೇರಿಯಲ್ಲಿ 2010ರಲ್ಲಿ ಚರಂಡಿ ಅಗೆಯುವಾಗ ಆರುನೂರರಷ್ಟು ತಲೆಬುರುಡೆ ಸಿಕ್ಕವು. ಜಿಲ್ಲಾಡಳಿತ ಅವನ್ನು ಜೋಪಾನವಾಗಿ ಎತ್ತಿಸಿತು, ಎಣಿಸಿತು, ಎಷ್ಟು ಹಳೆಯವೆಂದು ತಿಳಿಯಲು ಮಾದರಿಗಳನ್ನು ಪ್ರಯೋಗಾಲಯಕ್ಕೆ ಕಳಿಸಿತು. ಬರಗಾಲವೋ, ಯುದ್ಧವೋ ಎಂದು ಪಂಡಿತರು ಚರ್ಚಿಸಿದರು. ಸರಿಯಾದ ಕೆಲಸವನ್ನೇ ಮಾಡಿದರು. ಹೆಸರಿಲ್ಲದ, ಶತಮಾನಗಳ ಹಿಂದಿನ ಬುರುಡೆಗೆ ಇಷ್ಟು ಮರ್ಯಾದೆ ಕೊಡಬಲ್ಲ ಸರ್ಕಾರಕ್ಕೆ, ಮಕ್ಕಳು ಮೊಮ್ಮಕ್ಕಳು ಇನ್ನೂ ಬದುಕಿರುವ ಸಾವಿರಾರು ಹೆಣಗಳನ್ನು ಎಣಿಸಲು ಆಗಲಿಲ್ಲವೆಂದರೆ ನಂಬಲಾಗದು.

ಗೋರಟಾದಲ್ಲಿ 2023ರ ಮಾರ್ಚ್‌ನಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಯಾಯಿತು, ಎತ್ತರದ ಧ್ವಜಸ್ತಂಭ ಎದ್ದಿತು. ಆ ಸ್ಮಾರಕ ಬೇಕೇ ಬೇಕಾಗಿತ್ತು, ತಡವಾಗಿ ಬಂತು ಎಂಬುದೇ ನಮ್ಮ ದೂರು. ಸೆಪ್ಟೆಂಬರ್ 17ರ ನಂತರ ಸತ್ತವರಿಗೂ ಅದೇ ಸೀಮೆಯಲ್ಲಿ ಒಂದು ಕಲ್ಲು ನಿಲ್ಲಬೇಕು ಎನ್ನುವುದು ಗೋರಟಾದ ಹುತಾತ್ಮರಿಗೆ ಮಾಡುವ ಅಗೌರವ ಎಂದು ಯಾರಾದರೂ ಹೇಳಿದರೆ, ಆ ಮಾತಿನ ಹಿಂದೆ ಮತದ ಲೆಕ್ಕವಿದೆ, ಸತ್ತವರ ಮೇಲಿನ ಅಕ್ಕರೆಯಿಲ್ಲ. ಹೊರದೇಶದ ಒಂದು ಉದಾಹರಣೆ ನೋಡಿ. 1962ರಲ್ಲಿ ಅಲ್ಜೀರಿಯಾ ಸ್ವತಂತ್ರವಾದ ಕೂಡಲೇ ಫ್ರೆಂಚರ ಪಡೆಯಲ್ಲಿದ್ದ ಹರ್ಕಿಗಳೆಂಬ ಅಲ್ಜೀರಿಯನ್ನರನ್ನು ಸಾವಿರಗಟ್ಟಲೆ ಕೊಂದರು. ಅವರನ್ನು ಕೈಬಿಟ್ಟು ಹೋದದ್ದಕ್ಕೆ ಫ್ರಾನ್ಸಿನ ಅಧ್ಯಕ್ಷರು 2021ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಸುಮಾರು ಅರವತ್ತು ವರ್ಷ ಹಿಡಿಯಿತು, ಆದರೂ ಕೇಳಿದರು. ನಮ್ಮಲ್ಲಿ ಅದಕ್ಕಿಂತ ಹೆಚ್ಚು ವರ್ಷ ಕಳೆದಿವೆ.

ಕರ್ನಾಟಕ ಸರ್ಕಾರ ಸುಂದರಲಾಲ್ ವರದಿಯನ್ನು ಪೂರ್ತಿಯಾಗಿ ಕನ್ನಡಕ್ಕೆ ತಂದು ಅಚ್ಚು ಹಾಕಿಸಬೇಕು. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಲ್ಲಿ 1947ರ ಆಗಸ್ಟ್‌ನಿಂದ 1948ರ ಕೊನೆಯವರೆಗೆ ಸತ್ತವರ ಹೆಸರನ್ನು, ರಜಾಕಾರರ ಕೈಯಲ್ಲಿ ಸತ್ತವರದ್ದನ್ನೂ ಆಮೇಲೆ ಸತ್ತವರದ್ದನ್ನೂ, ಗ್ರಾಮವಾರು ಒಂದೇ ದಫ್ತರದಲ್ಲಿ ಬರೆಸಬೇಕು. ಗದಗ, ಧಾರವಾಡ ಜಿಲ್ಲೆಗಳಲ್ಲಿ ನೆಲೆನಿಂತ ಅಂದಿನ ನಿರಾಶ್ರಿತರ ಮನೆಗಳಲ್ಲೂ ಕೇಳಿ ಬರೆದುಕೊಳ್ಳಬೇಕು. ಕಣ್ಣಾರೆ ಕಂಡವರ ವಯಸ್ಸು ಈಗ ಎಂಬತ್ತು ದಾಟಿದೆ, ಇನ್ನೈದು ವರ್ಷಕ್ಕೆ ಹೋದರೆ ಕೇಳಲು ಯಾರೂ ಸಿಗುವುದಿಲ್ಲ. ಧಾರವಾಡ ಮತ್ತು ಕಲಬುರಗಿಯ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳಿಗೆ ಇದನ್ನು ವಹಿಸಿ, ಮುಂದಿನ ಬಜೆಟ್ಟಿನಲ್ಲೇ ಹಣ ಇಡಬೇಕು. ದಫ್ತರ ಸಿದ್ಧವಾದ ವರ್ಷ ಸೆಪ್ಟೆಂಬರ್ 17ರಂದು ಕಲಬುರಗಿಯ ವೇದಿಕೆಯಿಂದ ಮುಖ್ಯಮಂತ್ರಿಗಳು ಅನುದಾನದ ಅಂಕಿಗಿಂತ ಮೊದಲು ಅದರ ಅಂಕಿಯನ್ನು ಓದಲಿ.