ಬೆಂಗಳೂರು ಬಿಲ್ಡಿಂಗಿನ ಬಾಡಿಗಿ, ನಮ್ಮ ಹೊಲದ ಬಾಡಿಗಿ: ತೆರಿಗಿ ಯಾರಿಗೆ ಹಗುರ?

ಇವತ್ತು ಹತ್ತಿ, ಕಡ್ಲಿ ಸುದ್ದಿ ಅಲ್ಲ, ರೊಕ್ಕದ ಸುದ್ದಿ. ಸ್ವಲ್ಪ ಉದ್ದ ಐತಿ, ತಾಳ್ಮೆಯಿಂದ ಓದ್ರಿ.

ಗದಗ, ಮುಂಡರಗಿ, ಶಿರಹಟ್ಟಿ ಕಡೆ ಗಾಳಿ ಫ್ಯಾನಿಗೆ, ಸೋಲಾರಿಗೆ ಹೊಲ ಲೀಸ್ ಕೊಟ್ಟವರದಾರ, ಲೇಔಟಿಗೆ ಮಾರಿದವರೂ ಅದಾರ. ಕೈಯಾಗ ನಾಕು ರೊಕ್ಕ ಆಡಿತು ಅಂದ್ರ ಫೋನಿಗೆ ಸಲಹೆಗಾರರ ಸಾಲು ಶುರು. ಈಗ ಅವರ ಬಾಯಾಗ ಬಂದಿರೋ ಹೊಸ ಹೆಸರು ರೀಟ್. ಬೆಂಗಳೂರಿನ ದೊಡ್ಡ ಬಿಲ್ಡಿಂಗಿನಾಗ ನಿಮಗೂ ಪಾಲು, ಬಾಡಿಗಿ ಖಾತೆಗೆ ಬರತೈತಿ, ತೆರಿಗಿನೂ ಇಲ್ಲ ಅಂತಾರ. ಮೊದಲ ಎರಡು ಮಾತು ಖರೆ. ಮೂರನೇದ್ದು ಅರ್ಧ ಖರೆ, ಆ ಅರ್ಧದೊಳಗ ಯಾರಿಗೆ ಲಾಭ ಅನ್ನೋದೇ ನನ್ನ ಇವತ್ತಿನ ಮಾತು.

ದೇಶದ ಮೊದಲ ರೀಟ್ ನಮ್ಮ ರಾಜ್ಯದ್ದೇ. ನಾಗವಾರದ ಮಾನ್ಯತಾ ಪಾರ್ಕ್‌ನಂಥ ಆಫೀಸ್ ಕಟ್ಟಡಗಳನ್ನು ಕೂಡಿಸಿ ಎಂಬಸಿ ಗುಂಪು ಮತ್ತು ಅಮೆರಿಕದ ಬ್ಲ್ಯಾಕ್‌ಸ್ಟೋನ್ ಮಾಡಿದ ಟ್ರಸ್ಟು, 2019ರ ಏಪ್ರಿಲ್‌ನಲ್ಲಿ ಶೇರು ಪೇಟೆಗೆ ಬಂತು. ಒಂದು ಯೂನಿಟ್‌ಗೆ 300 ರೂಪಾಯಿ. ಸೆಬಿ ನಿಯಮ 2014ರದ್ದು. ಹಂಚಲಿಕ್ಕೆ ಬರೋ ರೊಕ್ಕದಾಗ 100ಕ್ಕೆ 90 ಹಂಚಲೇಬೇಕು. ಶುರುವಿನಾಗ ಕನಿಷ್ಠ 2 ಲಕ್ಷ ಹಾಕಬೇಕಿತ್ತು, 2021ರಿಂದ ಒಂದೇ ಯೂನಿಟ್ ಕೂಡ ಕೊಳ್ಳಬಹುದು. ಅಂದ್ರ ತೆರಿಗಿ ಕಾಯ್ದೆ ಬರೆದಾಗ ನಮ್ಮಂಥವರು ಲೆಕ್ಕದಾಗೇ ಇರಲಿಲ್ಲ.

ಈಗ ಬಾಡಿಗಿ ಹ್ಯಾಂಗ ಹರಿತೈತಿ ನೋಡ್ರಿ. ಕಟ್ಟಡ ಒಂದು ಕಂಪನಿ ಹೆಸರಿನಾಗ ಇರತೈತಿ. ಆ ಕಂಪನಿಗೆ ಟ್ರಸ್ಟೇ ಸಾಲ ಕೊಟ್ಟಿರತೈತಿ. ಬಂದ ಬಾಡಿಗಿಯೊಳಗ ಕಂಪನಿ ಟ್ರಸ್ಟಿಗೆ ಬಡ್ಡಿ ಕಟ್ಟತೈತಿ. ಬಡ್ಡಿ ಕಟ್ಟಿದಷ್ಟು ಅದರ ಲಾಭ ಇಳಿತು, ತೆರಿಗಿನೂ ಇಳಿತು. ಟ್ರಸ್ಟು ಆ ಬಡ್ಡಿಗೆ ತೆರಿಗಿ ಕಟ್ಟಂಗಿಲ್ಲ, ಯೂನಿಟ್ ಇದ್ದವರಿಗೆ ದಾಟಿಸ್ತೈತಿ. ನಾವು ಅದನ್ನ ನಮ್ಮ ಆದಾಯಕ್ಕೆ ಸೇರಿಸಿ ಸ್ಲ್ಯಾಬ್ ಪ್ರಕಾರ ಕಟ್ಟಬೇಕು, 30ರ ತನಕ ಹೋಗತೈತಿ. ಪರದೇಶದ ಹೂಡಿಕೆದಾರನಿಗೆ ಅದೇ ಬಡ್ಡಿಗೆ ಬರೇ 5. ಒಂದೇ ಕಟ್ಟಡ, ಒಂದೇ ಬಾಡಿಗಿ!

ಡಿವಿಡೆಂಡ್ ಅಂತ ಬಂದದ್ದಕ್ಕೆ, ಕಂಪನಿ ಹಳೆ ದರದಾಗ ತೆರಿಗಿ ಕಟ್ಟೋದಾದ್ರ ನಮಗ ಮಾಫಿ. 22ರ ಕಡಿಮಿ ದರ ಆರಿಸಿಕೊಂಡಿದ್ರ ನಾವು ಕಟ್ಟಬೇಕು. ಮೂರನೇ ಪಾಲು, ಸಾಲದ ಅಸಲು ವಾಪಸ್ ಅಂತ ಬರೋದು. ಇದಕ್ಕೆ ಆ ವರ್ಷ ತೆರಿಗಿ ಇಲ್ಲ. 2023ರ ಫೆಬ್ರುವರಿ ಬಜೆಟ್‌ನಾಗ ಅದನ್ನೂ ಆದಾಯ ಅಂತ ಹಿಡಿಯಾಕ ಸರ್ಕಾರ ಹೊಂಟಿತ್ತು. ಮಾರ್ಚ್‌ನಾಗ ಮಸೂದೆ ಪಾಸಾಗೋದ್ರೊಳಗ ಸಡಿಲ ಆತು: ಯೂನಿಟ್ ಕೊಂಡ ಬೆಲೆಯಾಗ ಅಷ್ಟು ಕಳೀತಾರ, ಮಾರಿದಾಗ ಲಾಭ ಹೆಚ್ಚು ಕಾಣತೈತಿ, ಅವಾಗ ತೆರಿಗಿ. ಒಂದೂವರೆ ತಿಂಗಳಿನಾಗ ಬದಲಾತು. ನಮ್ಮ ಬೆಳೆವಿಮೆ ಅರ್ಜಿ ಇಷ್ಟು ಲಗೂನ ಓಡಿದ್ದನ್ನ ನಾನಂತೂ ಕಂಡಿಲ್ಲ.

ದೊಡ್ಡ ಲಾಭ ಮಾತ್ರ ಕಟ್ಟಿಸಿದವರಿಗೆ. ಕಟ್ಟಡದ ಕಂಪನಿಯ ಶೇರು ಟ್ರಸ್ಟಿಗೆ ಕೊಟ್ಟು ಬದಲಿಗೆ ಯೂನಿಟ್ ತಗೊಂಡ್ರ ಆ ದಿನ ಲಾಭದ ತೆರಿಗಿ ಇಲ್ಲ. ಯೂನಿಟ್ ಮಾರಿದ ದಿನ ಕಟ್ಟಿದರಾತು. ಈಗ 12 ತಿಂಗಳ ಮ್ಯಾಲೆ ಮಾರಿದ್ರ ದರ 12.5.

ಇನ್ನ ನಮ್ಮ ಕಡೆ ಬರ್ರಿ. ಗದಗ-ಬೆಟಗೇರಿ ನಗರಸಭೆ ಹದ್ದಿಯಿಂದ 6 ಕಿಲೋಮೀಟರ್ ಒಳಗಿನ ಹೊಲ, ಲಕ್ಷ್ಮೇಶ್ವರ, ಮುಂಡರಗಿಗೆ 2 ಕಿಲೋಮೀಟರ್ ಒಳಗಿನದು, ಆದಾಯ ತೆರಿಗಿಯವರ ಲೆಕ್ಕದಾಗ ಹಳ್ಳಿ ಹೊಲ ಅಲ್ಲ. ಮಾರಿದ್ರ ಲಾಭಕ್ಕೆ ತೆರಿಗಿ ಐತಿ. ಎರಡು ವರ್ಷದೊಳಗ ಬ್ಯಾರೆ ಹೊಲ ಕೊಂಡ್ರ ವಿನಾಯ್ತಿ ಐತಿ, ಅದು ಖರೆ. ಆದ್ರ ಹತ್ತು ಮಂದಿ ರೈತರು ಕೂಡಿ ಆ ಹೊಲ ಒಂದು ಕಂಪನಿಗೆ ಹಾಕಿ ರೊಕ್ಕದ ಬದಲಿಗೆ ಶೇರು ತಗೊಂಡ್ರ? ಒಂದು ಪೈಸೆ ಕೈಗೆ ಬರದಿದ್ರೂ ಆ ವರ್ಷದ್ದೇ ಲೆಕ್ಕ.

ಫ್ಯಾನ್, ಸೋಲಾರಿನ ಲೀಸ್ ರೊಕ್ಕ ಕೃಷಿ ಆದಾಯ ಅಲ್ಲ. ಮನಿ ಬಾಡಿಗಿಗೆ 100ಕ್ಕೆ 30 ಸೀದಾ ಕಳೀತಾರ, ಖಾಲಿ ಜಾಗದ ಬಾಡಿಗಿಗೆ ಅದೂ ಇಲ್ಲ. ಹೊಸ ಪದ್ಧತಿಯಾಗ 12 ಲಕ್ಷದ ತನಕ ರಿಬೇಟ್ ಇರೋದರಿಂದ ನಮ್ಮ ಮಂದಿಗೆ ಕಟ್ಟೋದು ಬರದೇ ಹೋಗಬಹುದು. ಆದ್ರ ಹೊಲ ಮಾರಿದ ಲಾಭಕ್ಕೆ ಆ ರಿಬೇಟ್ ನೆರಳು ಇಲ್ಲ.

ಬಾಡಿಗಿಗೆ ಎರಡೆರಡು ಸಲ ತೆರಿಗಿ ಬ್ಯಾಡ ಅನ್ನೋ ರೀಟ್‌ನವರ ವಾದ ನಾನೂ ಒಪ್ಪತೀನಿ. ರೈತನಿಗೆ ಆದಾಯ ತೆರಿಗಿ ಇಲ್ಲ ಅಂತ ಟೀವಿಯಾಗ ಕೂತು ಚುಚ್ಚೋರು ಇದನ್ನೂ ಒಂದ್ಸಲ ಮಾತಾಡ್ಲಿ, ಅಷ್ಟೇ. ನನ್ನ ಬೇಡಿಕೆ ಇದು: ಹೊಲ ಹಾಕಿ ಪಾಲು ತಗೊಳ್ಳೋ ರೈತರಿಗೂ, ಪಾಲು ಮಾರಿದ ದಿನವೇ ತೆರಿಗಿ ಅನ್ನೋ ನಿಯಮ ಬರಲಿ. ಓಟು ಕೇಳಾಕ ಬಂದವರ ಮುಂದ ಇದನ್ನ ಇಡ್ರಿ.

ಯೂನಿಟ್ ಕೊಳ್ಳಬ್ಯಾಡ್ರಿ ಅಂತ ಹೇಳಾಕತ್ತಿಲ್ಲ. ಕೊಂಡವರು ಪ್ರತಿ ಸಲ ಹಂಚಿದಾಗ ಬಡ್ಡಿ ಎಷ್ಟು, ಡಿವಿಡೆಂಡ್ ಎಷ್ಟು, ಅಸಲು ಎಷ್ಟು ಅನ್ನೋ ಚೀಟಿ ತಗದಿಡ್ರಿ. ಬಡ್ಡಿಯೊಳಗ 100ಕ್ಕೆ 10 ಮೊದಲೇ ಹಿಡೀತಾರ, ತೆರಿಗಿ ಬೀಳದವರು ರಿಟರ್ನ್ ಹಾಕಿದ್ರ ಮಾತ್ರ ಅದು ವಾಪಸ್ ಬರತೈತಿ.