ಗಟ್ಟಿ ಇದ್ದರೆ ಸಾಕಾ?

ಮೆಟೀರಿಯಲ್ಸ್ ಕ್ಲಾಸಲ್ಲಿ ನಮ್ಮ ಮೇಷ್ಟ್ರು ಒಂದು ಪ್ರಶ್ನೆ ಹಾಕಿದರು: ರೈಫಲ್ ಬ್ಯಾರೆಲ್‌ಗೆ ಯಾವ ಸ್ಟೀಲ್ ತಗೋತೀರಿ? ಮೊದಲ ಬೆಂಚಿಂದ ಕೊನೇ ಬೆಂಚಿನವರೆಗೆ ನಾವೆಲ್ಲ ಕೊಟ್ಟಿದ್ದು ಒಂದೇ ಉತ್ತರ. 'ಎಲ್ಲಕ್ಕಿಂತ ಗಟ್ಟಿ ಯಾವುದೋ ಅದು ಸಾರ್.' ಅವರು ಬಯ್ಯಲಿಲ್ಲ. 'ಗುಂಡು ಹಾರಿಸುವಾಗ ನಿಮ್ಮ ಕೆನ್ನೆ ಎಲ್ಲಿರುತ್ತೆ?' ಅಂದು ಬೋರ್ಡ್ ಕಡೆ ತಿರುಗಿದರು.

ಅರ್ಥ ಆಗೋಕೆ ಸ್ವಲ್ಪ ಹೊತ್ತು ಹಿಡೀತು. ಆದರೆ ಉತ್ತರ ನಮಗೆ ಫಸ್ಟ್ ಇಯರ್ ಫಿಟ್ಟಿಂಗ್ ಲ್ಯಾಬಲ್ಲೇ ಸಿಕ್ಕಿತ್ತು. ಎಂಎಸ್ ತುಂಡನ್ನು ತಿಂದುಹಾಕುವ ಫೈಲು ಒಂದು ದಿನ ವೈಸ್ ಮೇಲಿಂದ ಸಿಮೆಂಟ್ ನೆಲಕ್ಕೆ ಬಿದ್ದು ಎರಡು ತುಂಡಾಗಿತ್ತು. ಅದೇ ಎಂಎಸ್ ತುಂಡಿಗೆ ಸುತ್ತಿಗೇಲಿ ಎಷ್ಟು ಹೊಡೆದರೂ ಬಗ್ಗುತ್ತೆ, ಮುರಿಯಲ್ಲ. ಹಾರ್ಡ್‌ನೆಸ್ ಬೇರೆ, ಟಫ್‌ನೆಸ್ ಬೇರೆ ಅಂತ ನೋಟ್ಸಲ್ಲಿ ಬರ್ಕೊಂಡಿದ್ವಿ. ಲ್ಯಾಬಲ್ಲಿ ಕಣ್ಣಾರೆ ಕಂಡಿದ್ದಕ್ಕೂ ಅದಕ್ಕೂ ಸಂಬಂಧ ಇದೆ ಅಂತ ಮಾತ್ರ ಹೊಳೆದಿರಲಿಲ್ಲ.

ಬ್ಯಾರೆಲ್ ಒಳಗೆ ಏನಾಗುತ್ತೆ ನೋಡಿ. 7.62 ಮಿ.ಮೀ. ಸೇನಾ ರೈಫಲ್‌ನಲ್ಲಿ ಮದ್ದು ಉರಿದಾಗ ಒತ್ತಡ ಸುಮಾರು 400 ಮೆಗಾಪ್ಯಾಸ್ಕಲ್‌ಗೆ ಏರುತ್ತೆ, ಅಂದರೆ ವಾತಾವರಣದ ಒತ್ತಡದ 4000 ಪಟ್ಟು. ಒಂದೆರಡು ಮಿಲಿಸೆಕೆಂಡಲ್ಲಿ ಎಲ್ಲ ಮುಗಿದುಹೋಗುತ್ತೆ. ಮತ್ತೆ ಇನ್ನೊಂದು ಗುಂಡು, ಮತ್ತೆ ಅದೇ ಪೆಟ್ಟು. ಇದಕ್ಕೆ ದಶಕಗಳಿಂದ ಬಳಸ್ತಿರೋದು 4140, 4150 ಅನ್ನೋ ಕ್ರೋಮ್-ಮಾಲಿ ಸ್ಟೀಲು. 41 ಅಂದರೆ ಕ್ರೋಮಿಯಂ-ಮಾಲಿಬ್ಡಿನಮ್ ಕುಟುಂಬ, 40 ಅಂದರೆ ಶೇ. 0.40 ಇಂಗಾಲ. ನಮ್ಮ ಕಡೆ ಸ್ಟೀಲ್ ಅಂಗಡೀಲಿ ಇಎನ್19 ಅಂತ ಕೇಳಿದರೆ ಕೊಡೋದೂ ಹೆಚ್ಚುಕಮ್ಮಿ ಇದನ್ನೇ. ಬಾಹಾ ಟೀಮಿನವರು ರೋಲ್ ಕೇಜ್‌ಗೆ ಹುಡುಕಾಡೋ 4130 ಟ್ಯೂಬ್ ಇದರದೇ ತಮ್ಮ.

ಬ್ಯಾರೆಲ್‌ಗೆ ಇದನ್ನ ಸಾಮಾನ್ಯವಾಗಿ ರಾಕ್‌ವೆಲ್ ಸಿ ಸ್ಕೇಲಲ್ಲಿ 28ರಿಂದ 32ರಷ್ಟು ಹಾರ್ಡ್‌ನೆಸ್‌ಗೆ ತಂದು ನಿಲ್ಲಿಸ್ತಾರೆ. ನಮ್ಮ ಫೈಲು 60ರ ಮೇಲಿರುತ್ತೆ. ಬೇಕಂತಲೇ ಅರ್ಧಕ್ಕೆ ನಿಲ್ಲಿಸೋದು. ನಳಿಗೆ ಒಳಗೆ ಕೆಸರೋ ಇನ್ನೇನೋ ಸಿಕ್ಕಿಕೊಂಡು ಒತ್ತಡ ಮಿತಿ ಮೀರಿದರೆ ಇಂಥ ಸ್ಟೀಲು ಮೊದಲು ಉಬ್ಬುತ್ತೆ, ಹೆಚ್ಚಾದರೆ ಸೀಳುತ್ತೆ. ಫೈಲ್‌ನಂಥ ಸ್ಟೀಲಾಗಿದ್ದರೆ ಚೂರುಚೂರಾಗಿ ಸಿಡಿಯುತ್ತೆ, ಅದೂ ಕೆನ್ನೆ ಪಕ್ಕದಲ್ಲೇ. ಇನ್ನೊಂದು ಕಾರಣವೂ ಇದೆ: 600 ಮಿ.ಮೀ. ಉದ್ದಕ್ಕೆ 7.62 ಮಿ.ಮೀ. ತೂತು ನೇರವಾಗಿ ಕೊರೀಬೇಕಲ್ಲ! ನಾವು 50 ಮಿ.ಮೀ. ಪ್ಲೇಟಲ್ಲೇ ಡ್ರಿಲ್ ಬಿಟ್ ಮುರಿದವರು, ಈ ವಿಷಯದಲ್ಲಿ ಜಾಸ್ತಿ ಮಾತಾಡಲ್ಲ.

ಹಾಗಂತ 4140 ಅಂತ ಬಾಯಿಪಾಠ ಮಾಡಿ ಬರೆದರೂ ಉತ್ತರ ಪೂರ್ತಿ ಆಗಲ್ಲ. ಸ್ಪರ್ಧೆಗೆ ಶೂಟ್ ಮಾಡೋರಲ್ಲಿ ತುಂಬ ಜನ 416ಆರ್ ಸ್ಟೇನ್‌ಲೆಸ್ ಇಷ್ಟಪಡ್ತಾರೆ. ಮಾಮೂಲಿ 416ರಲ್ಲಿ ಮೆಷಿನಿಂಗ್ ಸಲೀಸಾಗಲಿ ಅಂತ ಗಂಧಕ ಜಾಸ್ತಿ ಹಾಕಿರ್ತಾರೆ, ಆ ಗಂಧಕವೇ ಒಳಗೆ ಉದ್ದುದ್ದ ಗೆರೆಗಳಾಗಿ ಕೂತು ಬಿರುಕಿಗೆ ದಾರಿ ಮಾಡುತ್ತೆ. ಅದಕ್ಕೇ 416ಆರ್‌ನಲ್ಲಿ ಕಮ್ಮಿ ಮಾಡಿದ್ದಾರೆ. ಆದರೂ ಮೈ ಕೊರೆಯೋ ಚಳೀಲಿ ಇದರ ಟಫ್‌ನೆಸ್ ಕುಸಿಯುತ್ತೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ ಬಳಸೋದು .22 ಗುಂಡು, ಒತ್ತಡ ಸೇನಾ ರೈಫಲ್‌ನ ಅರ್ಧಕ್ಕಿಂತ ಕಮ್ಮಿ. ಅಲ್ಲಿ ಲೆಕ್ಕಾಚಾರವೇ ಬೇರೆ. ವಿಯೆಟ್ನಾಂ ಕಾಡಿನಲ್ಲಿ ಅಮೆರಿಕದ ಎಂ16 ರೈಫಲ್‌ಗಳು ಪದೇ ಪದೇ ಕೈಕೊಟ್ಟವು. ಕಾರಣ ಒಂದಲ್ಲ: ಮದ್ದು ಬದಲಾಗಿತ್ತು, ಕ್ಲೀನ್ ಮಾಡೋ ಸಾಮಾನು ಸರಿಯಾಗಿ ತಲುಪಿರಲಿಲ್ಲ, ಜೊತೆಗೆ ಆ ತೇವದಲ್ಲಿ ಚೇಂಬರ್ ತುಕ್ಕು ಹಿಡಿದು ಖಾಲಿ ತೋಟಾ ಒಳಗೇ ಕಚ್ಚಿಕೊಳ್ತಿತ್ತು. ಮೊದಲು ಚೇಂಬರ್‌ಗೆ, ಆಮೇಲೆ ಇಡೀ ನಳಿಗೆಗೆ ಕ್ರೋಮ್ ಲೇಪ ಬಂತು.

ನಮ್ಮನ್ನ ತುಂಬ ಕಾಡಿದ ಕಥೆ ಮಾತ್ರ ಇನ್ನೂ ಹಳೇದು. ಅಮೆರಿಕದ 1903ರ ಸ್ಪ್ರಿಂಗ್‌ಫೀಲ್ಡ್ ರೈಫಲ್‌ನಲ್ಲಿ ಬ್ಯಾರೆಲ್ ಅಲ್ಲ, ಅದು ಬಂದು ಕೂರುವ ರಿಸೀವರ್ ಒಡೆದ ಕಥೆ. 1917ರಲ್ಲಿ ಕೆಲವು ಸಿಡಿದಾಗ ತನಿಖೆ ಮಾಡಿದರು. ಫೋರ್ಜಿಂಗ್ ಮಾಡ್ತಿದ್ದ ಕೆಲಸಗಾರರು ಕಾದ ಸ್ಟೀಲಿನ ಬಣ್ಣ ನೋಡಿ ಕಣ್ಣಂದಾಜಲ್ಲೇ ಶಾಖ ಹೇಳ್ತಿದ್ದರು. ಬಿಸಿಲು ಚೆನ್ನಾಗಿರೋ ದಿನ ಕಾದ ಲೋಹ ಮಂಕಾಗಿ ಕಾಣುತ್ತೆ, ಹಾಗಾಗಿ ಇನ್ನೂ ಕಾಯಿಸೋರು. ಸ್ಟೀಲು ಸುಟ್ಟು ಪೆಡಸಾಗೋದು. ಆಮೇಲೆ ಪೈರೋಮೀಟರ್ ತಂದರು, 1918ರಲ್ಲಿ ಎರಡು ಹಂತದ ಹೀಟ್ ಟ್ರೀಟ್‌ಮೆಂಟ್ ಶುರುಮಾಡಿದರು. ಆ ಕಾರ್ಖಾನೆಯ 8,00,000ಕ್ಕಿಂತ ಕೆಳಗಿನ ನಂಬರಿನ ರೈಫಲ್ ಸಿಕ್ಕರೆ ಹಾರಿಸಬೇಡಿ ಅಂತ ತಿಳಿದವರು ಇವತ್ತಿಗೂ ಹೇಳ್ತಾರೆ. ಸ್ಟೀಲಿನ ಗ್ರೇಡ್ ಹೆಸರು ನೋಡಿ ಇದನ್ನ ಯಾರೂ ಕಂಡುಹಿಡಿಯೋಕೆ ಆಗ್ತಿರಲಿಲ್ಲ. ಮೋಡ ಇತ್ತೋ ಬಿಸಿಲಿತ್ತೋ ಅನ್ನೋದು ಯಾವ ಟೇಬಲಲ್ಲೂ ಬರಲ್ಲ.

ನಮ್ಮ ತಕರಾರು ಇಲ್ಲೇ ಇರೋದು. 'ಸೂಕ್ತ ಲೋಹವನ್ನು ಆರಿಸಿ' ಅನ್ನೋ ಪ್ರಶ್ನೆಗೆ ನಾವು ಗ್ರೇಡ್ ನಂಬರ್ ಬರೀತೀವಿ, ಎರಡು ಗುಣ ಬರೀತೀವಿ, ಪೂರ್ತಿ ಮಾರ್ಕ್ಸ್ ಬರುತ್ತೆ. ಅದು ಕೆಟ್ಟರೆ ಹೇಗೆ ಕೆಡಬೇಕು, ಆಗ ಪಕ್ಕದಲ್ಲಿ ಯಾರಿರ್ತಾರೆ, ಅದನ್ನ ಕಾಯಿಸಿ ತಣಿಸಿದವರು ಯಾರು, ಅಳೆದರಾ ಇಲ್ಲವಾ, ಇದ್ಯಾವುದಕ್ಕೂ ಉತ್ತರ ಪತ್ರಿಕೇಲಿ ಜಾಗವೇ ಇಲ್ಲ. ಐದು ಮಾರ್ಕಿನ ಪ್ರಶ್ನೇಲಿ ಎರಡನ್ನಾದರೂ ಇದಕ್ಕೆ ಇಡಿ ಅಂತ ನಮ್ಮ ಡಿಪಾರ್ಟ್‌ಮೆಂಟಿಗೆ ಕೇಳ್ಕೋತಿದ್ದೀವಿ. ಟೇಬಲ್ ಬಾಯಿಪಾಠ ಮಾಡೋ ಕಷ್ಟ ತಪ್ಪುತ್ತೆ ಅನ್ನೋ ಸ್ವಾರ್ಥವೂ ಇದೆ, ಸುಳ್ಳು ಯಾಕೆ ಹೇಳೋಣ.

ಅಂದಹಾಗೆ ಆ ಮುರಿದ ಫೈಲಿನ ಎರಡೂ ತುಂಡು ಲ್ಯಾಬಿನ ಕಿಟಕಿ ಮೇಲೆ ಇನ್ನೂ ಇವೆ. ಜೂನಿಯರ್ಸ್ ಒಮ್ಮೆ ಮುರಿದ ಮುಖ ನೋಡಿ, ಕಾಳುಕಾಳಾಗಿ ಹೊಳೆಯುತ್ತೆ. ಪಕ್ಕದಲ್ಲಿ ಒಂದು ಎಂಎಸ್ ತುಂಡನ್ನೂ ಹಿಂದಕ್ಕೆ ಮುಂದಕ್ಕೆ ಬಗ್ಗಿಸಿ ಮುರಿದು ಇಡಿ. ನಮ್ಮ ಕೈಲಂತೂ ಒಂದೇ ಪೀರಿಯಡಲ್ಲಿ ಆಗಲಿಲ್ಲ.