ವಿದೇಶಿ ಸ್ವಯಂಸೇವಕರಿಗೆ ಕೆಲಸ ಹೇಳುವವರು ಯಾರು?

ಶಾಲೆಯ ಗೋಡೆಗೆ ಬಣ್ಣ ಬಳಿಯಲು, ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು, ಸಸಿ ನೆಡಲು ಯುರೋಪು, ಅಮೆರಿಕದ ಯುವಕ ಯುವತಿಯರು ಕರ್ನಾಟಕದ ಹಳ್ಳಿಗಳಿಗೆ ಬಂದುಹೋಗುವುದು ಈಗ ಅಪರೂಪದ ಸಂಗತಿಯಲ್ಲ. ಅವರನ್ನು ಕಳಿಸುವ ಸಂಸ್ಥೆಗಳಿವೆ, ಕರೆಸಿಕೊಳ್ಳುವ ಸಂಸ್ಥೆಗಳೂ ಇವೆ. ಹಾರ, ಆರತಿ, ಫೋಟೊ ಎಲ್ಲ ಸಾಂಗವಾಗಿ ಆಗುತ್ತದೆ. ಬಂದವರು ಇಲ್ಲಿ ಮಾಡಬೇಕಾದದ್ದೇನು, ಅದನ್ನು ತೀರ್ಮಾನಿಸಿದವರು ಯಾರು ಎಂಬ ಮಾತು ಮಾತ್ರ ಯಾರ ಬಾಯಿಂದಲೂ ಬರುವುದಿಲ್ಲ. ಕುಂದಗೋಳ ತಾಲ್ಲೂಕಿನ ಸಂಶಿಯಂಥ ಊರಿಗೆ ನಾಳೆ ಇಂಥ ತಂಡವೊಂದು ಬರುತ್ತೇವೆಂದರೆ ಬೇಡವೆನ್ನಬೇಕಿಲ್ಲ. ಆದರೆ ಕೆಲಸ ಯಾವುದು, ಕಾಲ ಯಾವುದು, ಇರುವುದು ಎಷ್ಟು ದಿನ ಎಂಬುದನ್ನು ಊರು ಹೇಳಬೇಕು, ಬರುವವರ ರಜೆಯ ಪಟ್ಟಿ ಹೇಳಬಾರದು.

ಮೊದಲು ಕಾಲದ ಮಾತು. ಯುರೋಪು, ಅಮೆರಿಕದ ವಿಶ್ವವಿದ್ಯಾಲಯಗಳ ದೊಡ್ಡ ರಜೆ ಬರುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಸಂಶಿ ಸುತ್ತಿನ ಎರೆ ಹೊಲಗಳಲ್ಲಿ ಮೈಮುರಿ ಕೆಲಸದ ತಿಂಗಳುಗಳೂ ಅವೇ. ಹೆಸರು, ಶೇಂಗಾ, ಹತ್ತಿ ಬಿತ್ತಬೇಕು, ಎಡೆ ಹೊಡೆಯಬೇಕು, ಕಳೆ ತೆಗೆಯಬೇಕು, ಮೆಣಸಿನಕಾಯಿ ಹೊಲ ನೋಡಿಕೊಳ್ಳಬೇಕು, ಆಗಸ್ಟ್ ಹೊತ್ತಿಗೆ ಹೆಸರು ಬಿಡಿಸಲು ಆಳು ಹುಡುಕಬೇಕು. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋದ ಹೆಣ್ಣುಮಕ್ಕಳು ಮನೆ ಸೇರುವುದು ಹೊತ್ತು ಮುಳುಗಿದ ಮೇಲೆ. ಅಂಥ ಹೊತ್ತಿನಲ್ಲಿ ಹತ್ತು ಜನ ಅತಿಥಿಗಳಿಗೆ ಖಾರವಿಲ್ಲದ ಅಡುಗೆ ಮಾಡುವವರು, ನೀರು ಕಾಯಿಸಿ ಆರಿಸಿ ಕೊಡುವವರು ಯಾರು? ಅದೇ ಹೆಣ್ಣುಮಕ್ಕಳೇ. ಹಿಂಗಾರಿ ಬೆಳೆ ಮನೆಗೆ ಬಂದ ಮೇಲೆ, ಬೇಸಿಗೆಯಲ್ಲಿ, ಊರಿಗೆ ತುಸು ಬಿಡುವು ಸಿಗುತ್ತದೆ. ಕೆರೆಯ ಹೂಳೆತ್ತುವುದು, ಬದು ಹಾಕುವುದು, ಕೃಷಿ ಹೊಂಡ ತೋಡುವುದು ಸಾಧ್ಯವಾಗುವುದು ಆಗಲೇ. ಆದರೆ ಆ ಬಿಸಿಲಿಗೆ ಹೊರದೇಶದವರು ಬರುವುದು ಅಷ್ಟಕ್ಕಷ್ಟೇ. ಊರಿಗೆ ಬೇಕಾದ ಕೆಲಸ ಒಂದು ಕಾಲಕ್ಕೆ, ಕೈಗಳು ಬರುವುದು ಇನ್ನೊಂದು ಕಾಲಕ್ಕೆ ಆದಾಗ ಬಂದವರಿಗಾಗಿ ಒಂದು ಕೆಲಸವನ್ನು ಹುಟ್ಟಿಸಬೇಕಾಗುತ್ತದೆ. ಗೋಡೆಗೆ ಬಣ್ಣ ಬಳಿಯುವ ಕಾರ್ಯಕ್ರಮ ಬರುವುದು ಹೀಗೆ. (ಮಳೆಗಾಲದಲ್ಲಿ ಹೊರಗೋಡೆಗೆ ಬಣ್ಣ ಹಚ್ಚುವವರನ್ನು ಕಂಡು ನಮ್ಮ ಪೇಂಟರುಗಳು ಏನೆಂದುಕೊಳ್ಳುತ್ತಾರೋ!)

ಇಂಗ್ಲಿಷ್ ಪಾಠದ ಕತೆಯೂ ಬೇರೆಯಲ್ಲ. ಮೂರು ವಾರಕ್ಕೊಬ್ಬ ಶಿಕ್ಷಕರು ಬದಲಾದರೆ ಪ್ರತಿಯೊಬ್ಬರೂ ಹೆಸರು ಕೇಳುವುದರಿಂದ, ಬಣ್ಣಗಳ ಪಟ್ಟಿಯಿಂದ, ಒಂದು ಕುಣಿತದ ಹಾಡಿನಿಂದ ಶುರು ಮಾಡುತ್ತಾರೆ. ಮಕ್ಕಳು ಖುಷಿಯಾಗಿರುತ್ತಾರೆ, ಪಾಠ ಮಾತ್ರ ಇದ್ದಲ್ಲೇ ಇರುತ್ತದೆ. ಅದೇ ಊರಿನಲ್ಲಿ ಡಿ.ಇಡಿ., ಬಿ.ಇಡಿ. ಮುಗಿಸಿ ಅತಿಥಿ ಶಿಕ್ಷಕರ ಅಲ್ಪ ಗೌರವಧನಕ್ಕೆ ಕಾಯುತ್ತಿರುವವರು ಇರುತ್ತಾರೆ. ಸಂಬಳವಿಲ್ಲದೆ ಬರುವ ಕೈಗಳು ಸಂಬಳ ಸಿಗಬೇಕಾದ ಕೈಗಳನ್ನು ಬದಿಗೆ ಸರಿಸಬಾರದು. ಮಣ್ಣಿನ ಕೆಲಸಕ್ಕೂ ಇದೇ ಅನ್ವಯ. ದಿನಗೂಲಿಗೆ ಕಾಯುವವರು ಕಟ್ಟೆಯ ಮೇಲೆ ಕುಳಿತಿರುವಾಗ ಪರದೇಶದವರು ಬುಟ್ಟಿ ಹೊರುವುದು ಸೇವೆಯಂತೆ ಕಾಣಬಹುದು, ಲೆಕ್ಕದಲ್ಲಿ ಅದು ಒಬ್ಬರ ಕೂಲಿಯೇ.

ಇದಕ್ಕೆ ಬೇರೆ ದಾರಿ ಇಲ್ಲವೇ? ನಮ್ಮ ಧಾರವಾಡ ಜಿಲ್ಲೆಯಲ್ಲೇ ಇದೆ. ಧಾರವಾಡದ ಹತ್ತಿರದ ಕಲಕೇರಿಯಲ್ಲಿ 2002ರಲ್ಲಿ ಕಲಕೇರಿ ಸಂಗೀತ ವಿದ್ಯಾಲಯ ಶುರುವಾಯಿತು. ಹೊರದೇಶಗಳಿಂದ ಬಂದ ಮ್ಯಾಥ್ಯೂ ಫೋರ್ಟಿಯೆ, ಅಗಾಥ್ ಮರೀಸ್-ಫೋರ್ಟಿಯೆ ಮತ್ತು ಆಡಂ ವುಡ್‌ವರ್ಡ್ ಅದರ ಸ್ಥಾಪಕರು. ಬಡ ಹಳ್ಳಿಮಕ್ಕಳಿಗೆ ಊಟ, ವಸತಿ, ಶಾಲಾ ಶಿಕ್ಷಣ, ಅದರ ಜೊತೆ ಹಿಂದೂಸ್ತಾನಿ ಸಂಗೀತ, ಎಲ್ಲವೂ ಉಚಿತ. ಅಲ್ಲಿಗೆ ಹಲವು ದೇಶಗಳ ಸ್ವಯಂಸೇವಕರು ಬಂದು ದುಡಿದಿದ್ದಾರೆ. ಗಮನಿಸಬೇಕಾದದ್ದು ಆ ಶಾಲೆಯ ಜೀವ ಇರುವ ಜಾಗವನ್ನು. ತಬಲಾ, ಸಿತಾರ್, ಗಾಯನ ಕಲಿಸುವವರು ಈ ಪರಂಪರೆಯಲ್ಲಿ ಪಳಗಿದ ಇಲ್ಲಿಯ ಗುರುಗಳು. ಹೊರಗಿನಿಂದ ಬಂದವರು ಮುಖ್ಯ ವಿದ್ಯೆಯ ಸುತ್ತಮುತ್ತಲಿನ ಕೆಲಸಕ್ಕೆ ಹೆಗಲು ಕೊಡುತ್ತಾರೆ. ಒಂದು ತಿಂಗಳು ಯಾವ ಪರದೇಶಿಯೂ ಬರದಿದ್ದರೂ ರಿಯಾಜ್ ನಿಲ್ಲುವುದಿಲ್ಲ. ಸ್ಥಾಪಕರೇ ವಿದೇಶಿಯರಾಗಿದ್ದರೂ ಅವರು ಇಲ್ಲಿಯವರ ಮೇಲೆ ತಮ್ಮ ವಿದ್ಯೆ ಹೇರಲಿಲ್ಲ, ಇಲ್ಲಿಯ ವಿದ್ಯೆಗೆ ಒಂದು ಸೂರು ಕಟ್ಟಿದರು.

ಕುಂದಗೋಳದ ಜನಕ್ಕೆ ಈ ಕ್ರಮ ಹೊಸದೇನಲ್ಲ. ಕುಂದಗೋಳದ ಹೆಸರಿನ ಜೊತೆ ಸಂಶಿಯ ಹೆಸರನ್ನೂ ಹೊತ್ತ ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಮನೆಗೆ ಹೊರಗಿನಿಂದ ಬಂದವರೆಲ್ಲ ಮೊದಲು ಶಿಷ್ಯರಾಗಿಯೇ ಬಂದರು. ಗದಗಿನ ಹುಡುಗ ಭೀಮಸೇನ ಜೋಶಿ 1936ರಲ್ಲಿ ಬಂದು ಗುರುಗಳ ಮನೆಗೆ ನೀರು ಹೊತ್ತರು, ಮನೆಗೆಲಸ ಮಾಡಿದರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಕಲಿತು ಹೋದರು. ಆ ಮನೆಯಲ್ಲಿ ಯಾವ ಕೆಲಸ ಮಾಡಬೇಕೆಂದು ಬಂದವರು ಹೇಳಲಿಲ್ಲ. ಗುರುಕುಲದ ಎಲ್ಲ ಪದ್ಧತಿಯನ್ನೂ ಇವತ್ತು ಒಪ್ಪಬೇಕಿಲ್ಲ, ಅದರಲ್ಲಿ ದರ್ಪವೂ ಇತ್ತು. ಆದರೂ ಕಲಿಯುವ ಮೊದಲು ದುಡಿಯಬೇಕು, ಕಲಿಸುವ ಮೊದಲು ಕಲಿಯಬೇಕು ಎಂಬ ಅದರ ಕ್ರಮ ಸ್ವಯಂಸೇವೆಗೂ ಸಲ್ಲುತ್ತದೆ.

ಇದು ಪರದೇಶದವರ ಮೇಲಿನ ಮುನಿಸಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಬಂದ ಕಿಟೆಲ್ ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ, ನಡುವೆ ನಾಲ್ಕು ದಶಕ. ಅವರು ಬಂದ ಉದ್ದೇಶ ಮತಪ್ರಚಾರ, ಉಳಿದದ್ದು ಮಾತ್ರ ಇಲ್ಲಿಯ ಭಾಷೆಗೆ ತಲೆಬಾಗಿ ಮಾಡಿದ ಕೆಲಸ. 1979ರಲ್ಲಿ ಸಾಮಾಜಿಕ ಹೋರಾಟಗಾರ ಎಸ್.ಆರ್. ಹಿರೇಮಠರು ಅಮೆರಿಕದ ಕೆಲಸ ಬಿಟ್ಟು ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಗೆ ಬಂದಾಗ ಅವರೊಡನೆ ಬಂದ ಪತ್ನಿ ಮೇವಿಸ್ ಅಮೆರಿಕದವರು. ಅವರು ಬಂದದ್ದು ಬಾಳಲು, ರಜೆ ಕಳೆಯಲು ಅಲ್ಲ. ಅಂತರರಾಷ್ಟ್ರೀಯ ಸೇವಾ ಶಿಬಿರಗಳ ಮೂಲಪುರುಷ, ಸ್ವಿಟ್ಜರ್ಲೆಂಡಿನ ಪಿಯರ್ ಸೆರೆಸೋಲ್ 1934ರ ಭೂಕಂಪದ ನಂತರ ಬಿಹಾರಕ್ಕೆ ಬಂದು, ಹಳ್ಳಿಗರ ಜೊತೆಗೂಡಿ ಮನೆಗಳನ್ನು ಕಟ್ಟಿದರು. ಅಲ್ಲಿ ಕೆಲಸವನ್ನು ಯಾರೂ ಹುಡುಕಬೇಕಿರಲಿಲ್ಲ, ನೆಲ ಕುಸಿದು ಬಿದ್ದಿತ್ತು. ಇದಕ್ಕೆ ಎದುರಾಗಿ, 1968ರಲ್ಲಿ ಚಿಂತಕ ಇವಾನ್ ಇಲಿಚ್ ಮೆಕ್ಸಿಕೋದ ಹಳ್ಳಿಗಳಿಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರ ಮುಂದೆಯೇ ನಿಂತು, ನಿಮ್ಮ ಒಳ್ಳೆಯ ಉದ್ದೇಶ ಅಲ್ಲಿ ಬೇಡ, ಸಹಾಯ ಮಾಡಲು ಬರಬೇಡಿ ಎಂಬರ್ಥದ ಕಟುಮಾತು ಆಡಿದರು. ಅಷ್ಟು ದೂರ ಹೋಗಲು ನನಗೆ ಮನಸ್ಸಿಲ್ಲ. ಆದರೆ ಊರಿನವರ ಭಾಷೆಯೇ ಬಾರದವರು ಊರಿಗೆ ಏನು ಬೇಕೆಂದು ಹೇಗೆ ತಿಳಿದಾರು ಎಂಬ ಅವರ ತಕರಾರಿಗೆ ಇನ್ನೂ ಯಾರೂ ತೃಪ್ತಿಕರ ಉತ್ತರ ಕೊಟ್ಟಿಲ್ಲ.

ಗಟ್ಟಿಯಾದ ಆಕ್ಷೇಪ ದುಡ್ಡಿನದು. ಸ್ವಯಂಸೇವಕರ ಜೊತೆ ದೇಣಿಗೆ ಬರುತ್ತದೆ, ಶೌಚಾಲಯ ಕಟ್ಟಬಹುದು, ಕಂಪ್ಯೂಟರ್ ಕೊಳ್ಳಬಹುದು ಎನ್ನುತ್ತಾರೆ. ಬರುವುದು ನಿಜ, ಆದರೆ ಊರಿನ ಯುವಕ ಸಂಘದ ಖಾತೆಗೆ ನೇರವಾಗಿ ಅಲ್ಲ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಘ ಹೊರದೇಶದ ದೇಣಿಗೆ ಮುಟ್ಟುವಂತಿಲ್ಲ. 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ ಬರಬೇಕು, ಪಡೆದ ಸಂಸ್ಥೆ ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಸ್ವಯಂಸೇವಕರು ಕಟ್ಟುವ ಶುಲ್ಕ ಮೊದಲು ಸೇರುವುದು ಅವರನ್ನು ಕಳಿಸುವ ಸಂಸ್ಥೆಯನ್ನು. ಆದ್ದರಿಂದ ಆ ಶುಲ್ಕದಲ್ಲಿ ಊರಿನ ಊಟ, ವಸತಿ, ನೀರು, ಜೊತೆಗಿದ್ದು ಮಾತು ದಾಟಿಸುವವರ ಸಂಬಳಕ್ಕೆ ಎಷ್ಟು ಎಂದು ಕೇಳುವುದು ಸಣ್ಣತನವಲ್ಲ. ಅತಿಥಿ ಸತ್ಕಾರಕ್ಕೆ ಲೆಕ್ಕ ಇಡಬಾರದು ಎನ್ನುವವರು ಆ ಸತ್ಕಾರವನ್ನು ಸಾಮಾನ್ಯವಾಗಿ ಅಡುಗೆಮನೆಯ ಹೊರಗೆ ಕುಳಿತು ನೋಡುವವರು.

ಷರತ್ತು ಬಿಗಿಯಾದರೆ ಯಾರೂ ಬರುವುದಿಲ್ಲ, ಮಕ್ಕಳಿಗೆ ಹೊರಜಗತ್ತು ಕಾಣುವುದು ತಪ್ಪುತ್ತದೆ ಎಂಬ ಮಾತೂ ಇದೆ. ಇದರಲ್ಲಿ ಹುರುಳಿದೆ. ಹಳ್ಳಿಯ ಹುಡುಗಿಯೊಬ್ಬಳು ದೂರ ದೇಶದ ಹೆಣ್ಣುಮಗಳು ಒಬ್ಬಳೇ ಓಡಾಡುವುದನ್ನು, ಸೈಕಲ್ ರಿಪೇರಿ ಮಾಡುವುದನ್ನು ಕಂಡರೆ ಅದೂ ಒಂದು ಪಾಠ. ಆದರೆ ಆ ಪಾಠಕ್ಕೆ ಒಡನಾಟ ಬೇಕು, ಒಡನಾಟಕ್ಕೆ ಕಾಲ ಬೇಕು. ಪ್ರವಾಸಿ ಇ-ವೀಸಾದಲ್ಲಿ ಸಂಭಾವನೆಯಿಲ್ಲದ ಸ್ವಯಂಸೇವೆಗೆ ಒಂದು ತಿಂಗಳ ಮಿತಿ ಇದೆ. ಹೆಚ್ಚು ಕಾಲ ಇರುವವರು ತಕ್ಕ ವೀಸಾ ಮಾಡಿಸಿಕೊಳ್ಳಬೇಕು. ಆ ಪಾಡು ಪಡಲು ಸಿದ್ಧರಿರುವವರು ಕಡಿಮೆಯೇ ಇರಲಿ, ಊರಿಗೆ ಬೇಕಾದವರು ಅವರೇ. ಮಕ್ಕಳ ವಿಷಯದಲ್ಲಂತೂ ಸಡಿಲ ಬಿಡುವಂತಿಲ್ಲ. ಕಾಂಬೋಡಿಯಾ, ನೇಪಾಳಗಳಲ್ಲಿ ಸ್ವಯಂಸೇವಾ ಪ್ರವಾಸದ ಬೇಡಿಕೆಗೆ ಅನಾಥಾಲಯಗಳು ಹೆಚ್ಚಿದವು, ಅಲ್ಲಿದ್ದ ಮಕ್ಕಳಲ್ಲಿ ಬಹಳಷ್ಟು ಜನರ ತಾಯಿಯೋ ತಂದೆಯೋ ಬದುಕಿದ್ದರು. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೇ ಇಂಥ ಅನಾಥಾಲಯ ಸ್ವಯಂಸೇವೆಯ ಹಾನಿಯನ್ನು ತಡೆಯುವಂತೆ ದೇಶಗಳಿಗೆ ಹೇಳಬೇಕಾಯಿತು.

ಹಾಗಾದರೆ ಇದನ್ನೆಲ್ಲ ಊರು ತೀರ್ಮಾನಿಸುವುದು ಎಲ್ಲಿ? ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ ಬಂದದ್ದು 1993ರಲ್ಲಿ. ಅದರಂತೆ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಬೇಕು. ತಂಡ ಕರೆಸುವ ಮಾತು ಸಂಘದ ಅಧ್ಯಕ್ಷರ ಮೊಬೈಲಿನಲ್ಲಿ ಮುಗಿಯದೆ ಆ ಸಭೆಗೆ ಬರಲಿ. ಕೆಲಸ ಇಂಥದ್ದು, ಜೊತೆಗೆ ಸಂಬಳ ಪಡೆದು ದುಡಿಯುವ ಊರಿನವರು ಇಂಥವರು, ಕನಿಷ್ಠ ಮೂರು ತಿಂಗಳು ಇರಬೇಕು, ಮೊದಲ ವಾರಗಳಲ್ಲಿ ಕನ್ನಡ ಕಲಿಯಬೇಕು, ಯಾವ ಮಗುವಿನ ಜೊತೆಯೂ ಒಂಟಿಯಾಗಿ ಇರಕೂಡದು, ಮಗುವಿನ ಫೋಟೊ ಹೊರಗೆ ಹೋಗಕೂಡದು ಎಂದು ಅಲ್ಲೇ ಬರೆದಿಡಲಿ. ವಸತಿ ಕೊಡುವವರು 24 ಗಂಟೆಯೊಳಗೆ ವಿದೇಶಿಯರ ವಿವರವನ್ನು ಅಧಿಕಾರಿಗಳಿಗೆ ಸಲ್ಲಿಸಬೇಕೆಂಬುದು ಹೇಗೂ ನಿಯಮ, ಅದನ್ನು ಮನೆಯೊಡೆಯರಿಗೆ ಮೊದಲೇ ತಿಳಿಸಲಿ. ಸಂಶಿ, ಗುಡಗೇರಿ, ಯಾವ ಊರೇ ಇರಲಿ, ಸಂಘದ ಗೆಳೆಯರಲ್ಲಿ ಒಂದು ವಿನಂತಿ: ನೀವು ಎಷ್ಟು ಸ್ವಯಂಸೇವಕರನ್ನು ಇಟ್ಟುಕೊಳ್ಳಬಲ್ಲಿರಿ ಎಂದು ಪತ್ರ ಬಂದಾಗ ಸಂಖ್ಯೆ ಬರೆಯಬೇಡಿ. ನಮಗೆ ಬೇಕಾದ ಕೆಲಸ ಇದು, ಬೇಸಿಗೆಯಲ್ಲಿ ಬರುವುದಾದರೆ ಬನ್ನಿ ಎಂದು ಉತ್ತರ ಬರೆಯಿರಿ.